ಅವ್ವನಿಗೆ ಹೋಟೆಲ್ ಅಂದರೆ ಇಡ್ಲಿ

ಸಾತನೂರು
20-2-2007, ಮಂಗಳವಾರ

ಪ್ರೀತಿಯ ಅಕ್ಕಾ,

ಮಧ್ಯಾಹ್ನ ಮೂರು ಗಂಟೆ. ಈಗಷ್ಟೇ ಕಣ್ಣು ಹತ್ತಿತ್ತು. ಹಿತ್ತಿಲಲ್ಲಿ ಹುಂಜ ಕಿರುಚಿಕೊಂಡು, ಅದರ ಹಿಂದೆ ಅವ್ವ ಬೈದುಕೊಂಡು ಓಡಿದ ಸದ್ದಿಗೆ ಎಚ್ಚರವಾಗಿ ಕೂತಿದ್ದೇನೆ. ಪುಣೆಯಿಂದ ಪ್ರಯಾಣ ಸುಖವಾಗಿ ಆಯಿತಾ? ನಿನ್ನ ಸೊಂಟನೋವು ಹೇಗಿದೆ? ಭಾವನವರು, ಪುಟ್ಟು ಹುಷಾರಾಗಿದ್ದಾರಾ? ನಾನೂ ಚೆನ್ನಾಗಿದ್ದೇನೆ, ನಿದ್ದೆಯೊಂದು ಬಿಟ್ಟು. ಸಿರಿಗೆ ಈಗ ಮೂರು ತಿಂಗಳು. ನಿನ್ನೆ ಚುಚ್ಚುಮದ್ದು ಹಾಕಿಸಿದ್ದಕ್ಕೆ ಮೈ ಬೆಚ್ಚಗಿದೆ. ಅತ್ತರೆ ಯಾಕೆ ಅಳುತ್ತಾಳೋ ಅಂತ ಭಯ, ಸುಮ್ಮನಿದ್ದರೆ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತೇನೆ. ಬಿ.ಎಸ್ಸಿ. ಓದಿದವಳ ಧೈರ್ಯ ಇಷ್ಟೇ ನೋಡು. ಇವರು ವಾರದ ರಜೆ ಅಂತ ಮಗು ನೋಡಲು ಬಂದಿದ್ದಾರೆ. ಸಂಜೆ ಬೈಕಿನಲ್ಲಿ ರಾಮನಗರಕ್ಕೆ ವಾಪಸು, ನಿನ್ನ ಹೋಟೆಲಿನ ಮುಂದೆಯೇ ದಾರಿ. ಬಾಯಲ್ಲಿ ಹೇಳಿ ಕಳಿಸಿದರೆ ಅರ್ಧ ಮರೆಯುತ್ತಾರೆ, ಇನ್ನರ್ಧ ತಮಾಷೆ ಮಾಡುತ್ತಾರೆ. ಫೋನಾದರೆ ಅಪ್ಪನ ಮಂಚದ ಪಕ್ಕದಲ್ಲೇ ಇದೆ, ಹೊರಗೆ ಹೋದವನು ಯಾವ ಗಳಿಗೆಯಲ್ಲಿ ಬರುತ್ತಾನೋ, ಅಲ್ಲಿ ನಿಂತು ಇದನ್ನೆಲ್ಲ ಮಾತಾಡುವುದು ಹೇಗೆ? ಅದಕ್ಕೇ ಬರೆಯುತ್ತಿದ್ದೇನೆ.

ಆದದ್ದು ಇಷ್ಟು. ನೀನು ಹೋಟೆಲಿನಲ್ಲಿ ಉಳಿಯುವ ವಿಷಯವನ್ನು ನಾನು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ಇವರು ಬೆಳಿಗ್ಗೆ ಬಂದವರೇ, "ಅತ್ತೆ, ನಿಮ್ಮ ದೊಡ್ಡ ಮಗಳು ರಾತ್ರೀನೇ ಬಂದವ್ರೆ. ಮೂರು ದಿನಾನೂ ಹೈವೇ ಹೋಟ್ಲೇ ಅಂತೆ" ಅಂದುಬಿಟ್ಟರು. ನಮಗೆ ಹೋಟೆಲ್ ಅಂದರೆ ರೂಮು, ಅವ್ವನಿಗೆ ಹೋಟೆಲ್ ಅಂದರೆ ಇಡ್ಲಿ. ಮಲಗುವ ಜಾಗಕ್ಕೆ ಅವಳ ಲೆಕ್ಕದಲ್ಲಿ ಲಾಡ್ಜು ಅಂತ ಬೇರೆ ಹೆಸರೇ ಇದೆಯಲ್ಲ! "ಆರು ವರ್ಸ ಆದ್ಮೇಲೆ ಬಂದು ಹೋಟ್ಲಲ್ಲಿ ಉಣ್ತಾಳಾ? ನಮ್ಮನೆ ಹಿಟ್ಟು ಗಂಟ್ಲಲ್ಲಿ ಇಳಿಯಕ್ಕಿಲ್ವಾ ಅವ್ಳಿಗೆ?" ಅಂತ ಹೋಗಿ, ನಾಳೆ ನೀನು ಬರುತ್ತೀಯ ಅಂತ ಮುಚ್ಚಿಟ್ಟಿದ್ದ ಹುಂಜದ ಮೇಲಿನ ಮಂಕರಿ ಎತ್ತಿ, "ಓಗ್ಲಾ, ನಿನ್ನ ಆಯುಸ್ಸು ಗಟ್ಟಿ ಐತೆ" ಅಂದಳು. ಇವರು ಗಾಬರಿಯಾಗಿ, "ಉಣ್ಣಾಕಲ್ಲ ಅತ್ತೆ, ಬರೀ ಮಲಗಾಕೆ" ಅಂತ ಬಿಡಿಸಿ ಹೇಳಿದರು. ಅವ್ವ ಸಮಾಧಾನವಾದಳು, ಈಗ ಹಿತ್ತಿಲಲ್ಲಿ ಓಡುತ್ತಿರುವುದು ಅದೇ ಹುಂಜದ ಹಿಂದೆ. ಆದರೆ ಒಳಗೆ ಎಲೆ ಅಡಿಕೆ ಹಾಕುತ್ತಿದ್ದ ಅಪ್ಪ ತಲೆ ಎತ್ತದೆ, "ಮಲಗಾಕಾ? ಅಂಗಾರೆ ಮನೆಗ್ ಬಂದಿಲ್ಲ ಬುಡು, ಟೂರಿಗ್ ಬಂದವ್ಳೆ" ಅಂದ. ಹೇಳದೆ ಕೇಳದೆ ಮದುವೆಯಾದೆ ಅಂತ ಇಷ್ಟು ವರ್ಷ ನಿನ್ನ ಮಾತೇ ಎತ್ತದ ಮನುಷ್ಯ. ಎತ್ತಿದ್ದು ಹೀಗೆ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟವನು ಊಟಕ್ಕೂ ಬರಲಿಲ್ಲ.

ನಿನ್ನದೇ ತಪ್ಪು ಅನ್ನುತ್ತಿಲ್ಲ ಅಕ್ಕಾ. ಆ ಹೋಟೆಲಿನ ಒಳಗೆ ಕಾಲಿಟ್ಟರೆ ಪುಣೆಯೋ ರಾಮನಗರವೋ ತಿಳಿಯುವುದಿಲ್ಲವಂತೆ, ಯಾವ ಊರಿಗೆ ಹೋದರೂ ಅದೇ ಬಿಳಿ ಹಾಸಿಗೆ, ಅದೇ ಪುಟಾಣಿ ಸೋಪು, ನಲ್ಲಿ ತಿರುಗಿಸಿದರೆ ಬಿಸಿನೀರು. ಪರದೆ ಸರಿಸಿದರೆ ಮಾತ್ರ ನಮ್ಮ ಬಂಡೆಬೆಟ್ಟ. ಕೇಳಿ ನನಗೂ ಆಸೆಯಾಯಿತು. ಇಲ್ಲಿ ಹಂಡೆನೀರು ಕಾಯಿಸಿ ಅವ್ವನ ಕಣ್ಣು ಕೆಂಡವಾಗಿದೆ. ಕಕ್ಕಸು ಹಿತ್ತಿಲಾಚೆ, ಪುಟ್ಟುವಿಗೆ ನೀರು ಬದಲಾದರೆ ಹೊಟ್ಟೆ ಕೆಡುತ್ತದೆ, ಎಲ್ಲ ನಿಜ. ಆದರೆ ಭಾವನವರು ಹಳ್ಳಿಯಲ್ಲೇ ಇರೋಣ, ಆ ರೂಮು ಎಲ್ಲಿ ಹೋದರೂ ಸಿಗುತ್ತೆ, ನಿಮ್ಮ ಮನೆ ಇನ್ನೆಲ್ಲಿ ಸಿಗುತ್ತೆ ಅಂದರು ಅಂತ ನೀನೇ ಹೋದ ವಾರ ಹೇಳಿದೆ. ಬೇಡ ಅಂದವಳು ನೀನು. ಬಾತ್‌ರೂಮು ಅಂದೆ, ಸೊಳ್ಳೆ ಅಂದೆ. ನನಗೆ ಗೊತ್ತು ಕಣಕ್ಕ, ಅಪ್ಪ ಮುಖ ತಿರುಗಿಸಿದರೆ ತಕ್ಷಣ ಎದ್ದು ಹೋಗಲು ನಿನಗೊಂದು ಜಾಗ ಬೇಕಿತ್ತು. ನೀನು ಬುಕ್ ಮಾಡಿದ್ದು ಅದನ್ನು. ಅಪ್ಪನಿಗೆ ಕಂಡದ್ದೂ ಅದೇ, ಬರುವ ಮೊದಲೇ ಹೊರಟು ನಿಂತ ಮಗಳು. ಇಬ್ಬರದೂ ಒಂದೇ ಮೊಂಡು. ನಡುವೆ ನಾನು ಮಗು ಎತ್ತಿಕೊಂಡು ಒಳಗೂ ಹೊರಗೂ ತಿರುಗುತ್ತಿದ್ದೇನೆ.

ಭಾವನವರಿಗೆ ನಮಸ್ಕಾರ ಹೇಳು. ಪುಟ್ಟುವಿನ ಎರಡೂ ಕೆನ್ನೆಗೆ ಚಿಕ್ಕಮ್ಮನ ಮುತ್ತು. ದೊಡ್ಡಮ್ಮನ ಮುಖವನ್ನೇ ನೋಡದ ಸಿರಿ ನಿನಗೊಂದು ನಗು ಕಳಿಸಿದ್ದಾಳೆ.

ನಿನ್ನ ತಂಗಿ,
ಲತಾಮಣಿ

ಇನ್ನೊಂದು ಮಾತು: ಇವರು ಬೈಕ್ ಸ್ಟಾರ್ಟ್ ಮಾಡಿಯಾಗಿತ್ತು, ನಿಲ್ಲಿಸಿ ಬರೆಯುತ್ತಿದ್ದೇನೆ. ಅವ್ವ ಈಗ ಹೇಳಿದಳು. ಊರಲ್ಲಿ ಎಲ್ಲರ ಮನೆಯಲ್ಲೂ ರೇಷ್ಮೆಹುಳು ಮೇಯುತ್ತಿವೆ, ನಮ್ಮಲ್ಲಿ ಒಂದು ತಟ್ಟೆಯೂ ಇಲ್ಲ. ಸೊಪ್ಪು ಸಾಲದೇನೋ ಅಂದುಕೊಂಡಿದ್ದೆ. ಸೊಪ್ಪು ತೋಟದಲ್ಲಿ ಎದೆಯುದ್ದ ನಿಂತಿದೆ. ಹುಳು ಇರುವ ಮನೆಯಲ್ಲಿ ಸೊಳ್ಳೆಬತ್ತಿ ಹಚ್ಚುವ ಹಾಗಿಲ್ಲವಲ್ಲ, ಆ ಹೊಗೆಗೆ ಹುಳು ಸಾಯುತ್ತವೆ ಅಂತ ನಾವಿಬ್ಬರೂ ಎಷ್ಟು ಕಚ್ಚಿಸಿಕೊಂಡು ಬೆಳೆದಿಲ್ಲ! ನೀನು ಬರುವುದು ಗೊತ್ತಾದ ದಿನವೇ ಅಪ್ಪ, "ಈ ಬೆಳೆ ಬ್ಯಾಡ, ಮಗೀಗೆ ಸೊಳ್ಳೆ ಕಚ್ತವೆ" ಅಂದನಂತೆ. ಸಿರಿಗಲ್ಲ ಅಕ್ಕಾ, ಅವಳು ಹುಟ್ಟಿದಾಗ ಮನೆ ತುಂಬ ಹುಳು ಇದ್ದವು, ಪರದೆ ಕಟ್ಟಿ ಮಲಗಿಸಿದೆವು. ನಿನ್ನ ಪುಟ್ಟುವಿಗೆ. ಈಗ ಸಿಟ್ಟಿನಲ್ಲಿ, ಮರಿಹುಳು ಸಾಕಿ ಮಾರುವ ಕೆಂಚಯ್ಯನ ಮನೆಗೆ ಹೋಗಿ, "ನಾಳೆ ಒತ್ತಾರೆ ಮರಿಹುಳ ತಂದಾಕು" ಅಂತ ಹೇಳಿ ಬಂದಿದ್ದಾನೆ. ಅವು ಒಳಗೆ ಬಂದವೆಂದರೆ ಗೂಡು ಕಟ್ಟುವ ತನಕ ಈ ಮನೆ ಅವುಗಳದ್ದೇ. ಫೋನ್ ಮಾಡಕ್ಕ. ನಾನು ಎತ್ತುವುದಿಲ್ಲ, ಅಪ್ಪನೇ ಎತ್ತುತ್ತಾನೆ. ಅವನ ದನಿ ಕೇಳಿ ಇಟ್ಟುಬಿಡಬೇಡ. ಮಲಗೋಕೂ ಅಲ್ಲಿಗೇ ಬರ್ತೀವಿ ಅನ್ನು, ಅಷ್ಟು ಸಾಕು. ಎಷ್ಟು ಹೊತ್ತಾದರೂ ಸರಿ, ನಿನಗೆ ಕೈ ಮುಗಿಯುತ್ತೇನೆ, ಬೆಳಗಾಗುವುದರೊಳಗೆ ಮಾಡು.