ಬಾಗಿಲ ಮೇಲಿನ ನಿನ್ನ ಹೆಸರು

ಗೋಥೆನ್‌ಬರ್ಗ್
ಸೆಪ್ಟೆಂಬರ್ 2008

ಪ್ರೀತಿಯ ಬದರಿ,

ಆ ಚೀಟಿ ಕಿತ್ತಿದ್ದು ಗೋಪೀನಾಥ ಅಲ್ಲ ಕಣೋ, ನಾನು. ಬಾಗಿಲಲ್ಲಿ ಟಪಾಲು ಹಾಕೋ ಕಿಂಡಿ ಮೇಲೆ 'ಬದರಿನಾಥ' ಅಂತ ನೀನೇ ಸ್ಕೇಲ್ ಇಟ್ಟು ಬರೆದು ಅಂಟಿಸಿದ್ಯಲ್ಲ, ಅದಕ್ಕೆ ಬಿಸಿನೀರು ಸವರಿ ದೋಸೆ ಎತ್ತೋ ಸಟ್ಟುಗದಲ್ಲಿ ಎಬ್ಬಿಸಿದೆ. ಒಂಚೂರೂ ಹರೀದೆ ಬಂತು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಮೂವತ್ತು ವರ್ಷ ದೋಸೆ ಎತ್ತಿದ ಕೈ, ಚೀಟಿ ಎತ್ತೋದೇನು ಮಹಾ.

ಎರಡು ವರ್ಷ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ದೆ. ನನ್ನ ಹೊಟ್ಟೆ ನೋಡಿದೀಯಲ್ಲ, ಜಾಗಕ್ಕೇನು ಕಮ್ಮಿ ಇಲ್ಲ. ಆದ್ರೆ ಮೊನ್ನೆ ಫೋನ್ ಮಾಡಿ, 'ಅಣ್ಣ, ಶನಿವಾರ ಮಗಳ ನಾಮಕರಣ, ಹೋಳಿಗೆ ನಿಮ್ಮ ಕೈಯಿಂದ್ಲೇ ಆಗ್ಬೇಕು, ಶೋವ್ಡೆಗೆ ಬಂದ್ಬಿಡಿ. ಆ ಮನುಷ್ಯನ್ನ ಮಾತ್ರ ಜೊತೇಲಿ ಕರ್ಕೊಂಡು ಬರ್ಬೇಡಿ' ಅಂದ್ಯಲ್ಲ, ಅವತ್ತಿಂದ ಹೋಟೆಲಲ್ಲಿ ದಾಲ್‌ಗೆ ಎರಡೆರಡು ಸಲ ಉಪ್ಪು ಬೀಳ್ತಿದೆ. ಇಲ್ಲಿನ ಜನ ಪಾಪ, ತುಂಬಾ ಚೆನ್ನಾಗಿದೆ ಅಂತ ನೀರು ಕುಡ್ಕೊಂಡು ಹೋಗ್ತಾರೆ.

ಹಿಸಿಂಗೆನ್‌ನ ಮೂರನೇ ಮಹಡಿ ಮನೇಲಿ ನಾವು ಮೂರು ಜನ ಹೇಗಿದ್ವಿ ನೆನಪು ಮಾಡ್ಕೋ. ಕರಾರು ನಿನ್ನ ಹೆಸರಲ್ಲಿ, ಅದಕ್ಕೇ ಬಾಗಿಲಲ್ಲಿ ಮೇಲಿನ ಚೀಟಿ ನಿಂದು. ಅದರ ಕೆಳಗೆ ನಂದು, ಅದರ ಕೆಳಗೆ ಗೋಪೀದು. ಕೋಕಿಲಾನ ಕರೆಸ್ಕೊಳ್ಳೋಕೆ ನೀನು ಅರ್ಜಿ ಹಾಕಿದ್ದೆ. ದೀಪಾವಳಿಗೆ ಬರ್ತಾಳೆ, ಅಷ್ಟರಲ್ಲಿ ನಾವಿಬ್ರೂ ಬೇರೆ ಕಡೆ ನೋಡ್ಕೋಬೇಕು ಅಂತ ಮಾತಾಗಿತ್ತು. ಗೋಪಿ ಗೊಣಗಿದ್ದ. 'ಹೆಂಡ್ತಿ ಬರ್ತಾಳೆ ಅಂತ ಇಂಥ ಚಳೀಲಿ ನಮ್ಮನ್ನ ಬೀದಿಗೆ ಹಾಕ್ತೀಯಲ್ಲಪ್ಪ' ಅಂದಿದ್ದ. ತಮಾಷೆಗೆ ಅಂದ, ನೀನು ತಮಾಷೆಗೆ ತಗೊಳ್ಳಿಲ್ಲ. ಎರಡು ದಿನ ಮಾತಿಲ್ಲ ನಿಮ್ಮಿಬ್ಬರಿಗೆ.

ಅದೇ ವಾರ ಆ ಕಾಗದ ಬಂತು, ನಿನ್ನ ಹೆಸರಿಗೆ. ಒಳಗೆ ಎಲ್ಲಾ ಸ್ವೀಡಿಶ್. ನಮಗೆ ಓದೋಕೆ ಬಂದಿದ್ದು ಒಂದೇ ಪದ, ಕೊಮ್ಯೂನ್. ಅಂದ್ರೆ ನಮ್ಮ ಕಡೆ ನಗರಸಭೆ ಇದ್ದಂಗೆ. ಗೋಪಿ ಮೂರು ವರ್ಷ ಇಂಗ್ಲೆಂಡಲ್ಲಿ ಇದ್ದು ಬಂದೋನು, ನೋಡಿದ ತಕ್ಷಣ ತೀರ್ಪು ಕೊಟ್ಟ. 'ಕೌನ್ಸಿಲ್ ಟ್ಯಾಕ್ಸೇ ಇದು, ಮನೇಲಿ ವಾಸ ಇರೋರು ಕಟ್ಟೋ ಕಂದಾಯ. ಅಲ್ಲಿ ನಾಲ್ಕು ಜನ ಒಂದೇ ಕರಾರಿಗೆ ಸೈನ್ ಹಾಕಿದ್ವಿ. ಮೂರು ಜನ ಹೇಳದೆ ಕೇಳದೆ ಎದ್ದೋದ್ರು, ಪೂರ್ತಿ ಮನೆ ಟ್ಯಾಕ್ಸು ನನ್ನ ಕುತ್ತಿಗೆಗೆ ಬಂತು. ಯಾರ ಹೆಸರು ಕೈಗೆ ಸಿಗುತ್ತೋ ಅವರನ್ನೇ ಹಿಡಿಯೋದು.' ನೀನು ಮೆಲ್ಲಗೆ, 'ಬೆಂಗಳೂರಲ್ಲಿ ಕಂದಾಯ ಓನರ್ ಅಲ್ವಾ ಕಟ್ಟೋದು' ಅಂದೆ. 'ಇಲ್ಲಿ ಓನರ್ ಯಾರು ಅಂತ ಗೊತ್ತೇನೋ ನಿಂಗೆ' ಅಂದ. ಅದೂ ನಿಜಾನೇ. ನಮಗೆ ಬಾಡಿಗೆಗೆ ಕೊಟ್ಟೋನೂ ಬಾಡಿಗೆಯವನೇ.

ಏಳು ದೋಸೆ ಹೊಡೆಯೋ ನೀನು ಅವತ್ತು ಎರಡಕ್ಕೇ ಎದ್ದೆ. ಅದನ್ನ ನೋಡೋಕಾಗ್ಲಿಲ್ಲ ನನ್ನ ಕೈಲಿ. ಮಾರನೇ ಬೆಳಿಗ್ಗೆ ನೀನು ಆಫೀಸ್ ಕೆಲಸಕ್ಕೆ ಮೂರು ವಾರ ಶೋವ್ಡೆಗೆ ಹೊರಟೆ. ನಿನ್ನ ಟ್ರ್ಯಾಮ್ ತಿರುಗಿದ್ದೇ ತಡ, ನಾನು ಸಟ್ಟುಗ ತಗೊಂಡೆ. ಮೇಲಿನ ಚೀಟಿ ಹೋದ್ರೆ ಮೇಲೆ ಉಳಿಯೋದು ನನ್ನ ಹೆಸರು. ಹಿಡಿದ್ರೆ ನನ್ನ ಹಿಡೀಲಿ, ನನ್ನ ಹತ್ರ ಏನ್ ಕಿತ್ಕೋತಾರೆ, ಒಗ್ಗರಣೆ ಸೌಟಾ. ನಿಂಗೆ ಸಂಸಾರ ಬರೋ ಹೊತ್ತು ಅಂತ ಲೆಕ್ಕ ಹಾಕಿದ್ದು. ಕಾಗದಾನೂ ರವೆ ಡಬ್ಬಿ ಕೆಳಗೆ ಬಚ್ಚಿಟ್ಟೆ. ನೀನು ಫೋನಲ್ಲಿ ಕೇಳಿದಾಗ, 'ಹಳೇ ಪೇಪರ್ ಜೊತೆ ಹೋಯ್ತೇನೋ' ಅಂದೆ. ಭಾರೀ ಜಾಣ ಕೆಲಸ ಮಾಡ್ದೆ ಅಂತ ಒಬ್ಬನೇ ಬೀಗಿದ್ದೆ ಕಣೋ.

ಬಾಗಿಲ ಮೇಲೆ ಹೆಸರಿಲ್ಲ ಅಂದ್ರೆ ಪೋಸ್ಟಿನವರು ಕಾಗದ ಹಾಕದೆ ವಾಪಸ್ ಕಳಿಸ್ತಾರೆ ಅಂತ ನಂಗೇನು ಗೊತ್ತು. ನಮ್ಮೂರಲ್ಲಿ 'ದೋಸೆ ಅಶ್ವತ್ಥ' ಅಂತ ಬರೆದು ಹಾಕಿದ್ರೂ ನಾನಿರೋ ಹೋಟೆಲ್ ಹುಡುಕ್ಕೊಂಡು ಬಂದು ಕೊಡ್ತಿದ್ರು. ಕೋಕಿಲಾ ಅರ್ಜಿ ಬಗ್ಗೆ ನೀನು ತುಂಬಿ ಕಳಿಸ್ಬೇಕಾಗಿದ್ದ ಪ್ರಶ್ನೆ ಕಾಗದ ಆ ಮೂರು ವಾರದಲ್ಲೇ ಬಂದು, ಹಂಗೇ ತಿರುಗಿ ಹೋಯ್ತು. ಉತ್ತರ ಬರ್ಲಿಲ್ಲ ಅಂತ ಅರ್ಜಿ ಮುಚ್ಚಿದ್ರು. ಮತ್ತೆ ಹೊಸದಾಗಿ ಅರ್ಜಿ ಹಾಕಿ, ದೀಪಾವಳಿಗೆ ಬರ್ಬೇಕಾದೋಳು ಯುಗಾದಿಗೆ ಬಂದ್ಲು.

ಅರ್ಜಿ ಮುಚ್ಚಿದ್ದು ಗೊತ್ತಾಗಿ ಶೋವ್ಡೆಯಿಂದ ಬಂದ ದಿನ ನೀನು ಬಾಗಿಲಲ್ಲಿ ನಿಂತು, 'ನನ್ನ ಹೆಸರು ಕಿತ್ತೋರ್ಯಾರು' ಅಂತ ಕೇಳಿದೆ. ನಾನು ಬಾಯಿ ತೆಗೆಯೋದ್ರೊಳಗೆ ನೀನೇ ಗೋಪಿ ಕಡೆ ತಿರುಗಿ, 'ರೂಮು ಹೋಗುತ್ತೆ ಅಂತ ನನ್ನ ಹೆಂಡ್ತಿ ಬರೋದನ್ನೇ ತಪ್ಪಿಸಿದ್ಯಾ' ಅಂದೆ. ಅವನು ತಲೆ ತಗ್ಗಿಸಿದ. ನಾನು ಒಲೆ ಕಡೆ ತಿರುಗ್ಕೊಂಡೆ. ಹಾಲು ಉಕ್ಕುತ್ತೆ ಅನ್ನೋ ನೆಪ. ಒಲೆ ಮೇಲೆ ಹಾಲೇ ಇರ್ಲಿಲ್ಲ. ನೀನು ಮನೆ ನಮಗೇ ಬಿಟ್ಟು ಶೋವ್ಡೆಗೆ ಹೊರಟೋದೆ.

ಅದಾಗಿ ಒಂದು ತಿಂಗಳಿಗೆ ರವೆ ಡಬ್ಬಿ ಕೆಳಗಿದ್ದ ಆ ಕಾಗದ ತಗೊಂಡು ಇಲ್ಲಿ ಹೊಸಬರಿಗೆ ಸ್ವೀಡಿಶ್ ಹೇಳಿಕೊಡೋ ಶಾಲೆಗೆ ಹೋದೆ. ಟ್ಯಾಕ್ಸ್ ನಾನೇ ಕಟ್ತೀನಿ, ಎಲ್ಲಿ ಕಟ್ಬೇಕು ಹೇಳಿ ಅಂತ ಅಲ್ಲಿದ್ದ ಟೀಚರಮ್ಮನ ಮುಂದೆ ಇಟ್ಟೆ. ಆಯಮ್ಮ ಓದಿ ಕನ್ನಡಕ ತೆಗೆದು ಕಣ್ಣೊರೆಸ್ಕೊಂಡು ನಕ್ತು. ಇಲ್ಲಿ ಮನೇಲಿ ವಾಸ ಇದಾರೆ ಅಂತ ಟ್ಯಾಕ್ಸೇ ಇಲ್ವಂತೆ. ಕೊಮ್ಯೂನ್‌ಗೆ ಹೋಗೋದು ಅವರವರ ಸಂಬಳದಲ್ಲಿ, ಅವರವರ ಹೆಸರು ಯಾವ ಊರಲ್ಲಿ ರಿಜಿಸ್ಟರ್ ಆಗಿದ್ಯೋ ಆ ಊರಿಗೆ. ತಿಂಗಳು ತಿಂಗಳು ಮೊದಲೇ ಹಿಡ್ಕೊಂಡೇ ನಮಗೆ ಕೊಡ್ತಾರೆ. ಒಬ್ಬರದು ಇನ್ನೊಬ್ಬರ ಕುತ್ತಿಗೆಗೆ ಬರೋ ಮಾತೇ ಇಲ್ಲ. ನಾವು ಮೂರು ಜನ ಟ್ಯಾಕ್ಸ್ ಆಗ್ಲೇ ಕಟ್ಟಿ ಕೂತು, ಯಾರು ಕಟ್ಟೋದು ಅಂತ ಒದ್ದಾಡಿದ್ವಿ.

ಹಂಗಾದ್ರೆ ಕಾಗದದಲ್ಲಿ ಏನಿತ್ತು ಅಂತೀಯಾ. ನಿಮಗೆ ಭಾಷೆ ಬರಲ್ಲ ಅಂದ್ರೆ ಪುಕ್ಕಟೆಯಾಗಿ ಕಲಿಸ್ತೀವಿ, ಬನ್ನಿ ಅಂತ. ಅದನ್ನೂ ಸ್ವೀಡಿಶ್‌ನಲ್ಲೇ ಬರೆದಿದಾರೆ ಬುದ್ಧಿವಂತರು. ನಿನ್ನ ಸೀಟಲ್ಲಿ ನಾನೇ ಕೂತೆ. ಈಗ ಟ್ರ್ಯಾಮಲ್ಲಿ ಮುದುಕಿಯರ ಜೊತೆ ಹವಾಮಾನ ಮಾತಾಡ್ತೀನಿ.

ಆವಾಗ್ಲೇ ನಿಂಗೆ ಹೇಳ್ಬೇಕಿತ್ತು. ಯುಗಾದಿ ಆಗ್ಲಿ, ಕೋಕಿಲಾ ಬರ್ಲಿ, ಮಗು ಆಗ್ಲಿ ಅಂತ ಮುಂದಕ್ಕೆ ಹಾಕ್ದೆ. ನಗಿಸೋದು ಸುಲಭ ಕಣೋ, ತಪ್ಪಾಯ್ತು ಅನ್ನೋದು ಈ ಬಾಯಿಗೆ ಅಭ್ಯಾಸ ಇಲ್ಲ. ತಪ್ಪಾಯ್ತು ಬದರಿ. ಕೋಕಿಲಾಗೂ ಹೇಳು, ಐದು ತಿಂಗಳು ನಿಮ್ಮಿಬ್ಬರನ್ನ ದೂರ ಇಟ್ಟಿದ್ದು ಈ ಅಡುಗೆ ಭಟ್ಟ ಅಂತ.

ನಿನ್ನೆ ಗೋಪಿಗೂ ಹೇಳ್ದೆ. ಅವನು ಈರುಳ್ಳಿ ಹೆಚ್ತಾ, 'ಗೊತ್ತು ಅಣ್ಣ. ಸಟ್ಟುಗಕ್ಕೆ ಗೋಂದು ಹತ್ತಿತ್ತು, ಉಜ್ಜಿದ್ದು ನಾನೇ' ಅಂದ. ಮತ್ತೆ ಯಾಕೋ ಬಾಯಿ ಬಿಡ್ಲಿಲ್ಲ ಅಂದೆ. 'ಅವನಿಗೆ ನಾನು ಬರೀ ರೂಮ್‌ಮೇಟು, ಕಳ್ಕೊಂಡ್ರೂ ನಡೆಯುತ್ತೆ. ನಿಮ್ಮನ್ನೂ ಕಳ್ಕೊಂಡ್ರೆ ಈ ದೇಶದಲ್ಲಿ ಅಣ್ಣ ಅನ್ನೋಕೆ ಯಾರಿದಾರೆ ಅವನಿಗೆ' ಅಂದ. ಕಣ್ಣಲ್ಲಿ ನೀರು. ಈರುಳ್ಳಿ ಅಂದ. ನಾನೂ ಈರುಳ್ಳಿ ಅಂದ್ಕೊಂಡೆ.

ಶನಿವಾರ ಬೆಳಿಗ್ಗೆ ಟ್ರೈನಿಗೆ ಟಿಕೆಟ್ ತಗೊಂಡಾಯ್ತು. ಎರಡು. ನಿನ್ನ ಕೇಳಿಲ್ಲ, ಕೇಳೋದೂ ಇಲ್ಲ. ಬಾಗಿಲು ತೆಗೆದ ತಕ್ಷಣ ನಂಗೆ ಎಷ್ಟು ಬೇಕಾದ್ರೂ ಬೈ, ನಿಂತ್ಕೊಂಡು ಕೇಳ್ತೀನಿ. ಆದ್ರೆ ಮೊದಲು ಗೋಪಿ ಒಳಗೆ ಬರ್ಲಿ, ಆಮೇಲೆ ನಾನು, ಆಮೇಲೆ ಹೋಳಿಗೆ. ನಿನ್ನ ಗುಣ ನಂಗೆ ಗೊತ್ತು, ತೆಗೀತೀಯ.

ಆ ಚೀಟಿ ಇದ್ರೊಳಗೇ ಇಟ್ಟಿದೀನಿ, ನಿನ್ನ ಹೆಸರು ನಿಂಗೆ. ಮಗೂಗೆ ಯಾವ ಹೆಸರಿಟ್ರೂ ಅವತ್ತೇ ಬಾಗಿಲ ಮೇಲೂ ಅಂಟಿಸು, ಯಾವ ಸಟ್ಟುಗಕ್ಕೂ ಬಗ್ಗದಂಗೆ. ಅವಳಿಗೆ ಬರೋ ಒಳ್ಳೇದು ಒಂದೂ ವಾಪಸ್ ಹೋಗದೆ ಇರ್ಲಿ.

ಗೋಪಿ ಕೂಗ್ತಿದಾನೆ, 'ಅಣ್ಣ, ತಟ್ಟೆ ಹಾಕಿದೀನಿ, ಅನ್ನ ಆರುತ್ತೆ' ಅಂತ. ಇವತ್ತು ಸಾರು ಅವನದು. ದೇವರೇ ಗತಿ. ಎದ್ದೆ.

ನಿನ್ನ
ಅಶ್ವತ್ಥಣ್ಣ