ನನ್ನ ಪಾಲಿನ ತೆನೆ

ಮಸ್ಕತ್,
೯ ಅಕ್ಟೋಬರ್ ೧೯೮೩

ಪ್ರಿಯ ಸೆಲೀನ್,

ಮೊದಲು ಸಂಗತಿಗಳನ್ನು ಕ್ರಮವಾಗಿ ಬರೆಯುತ್ತೇನೆ. ಬೇರೆ ರೀತಿಯಲ್ಲಿ ಆರಂಭಿಸಲು ನನಗೆ ಬರುವುದಿಲ್ಲ ಎಂಬುದು ನಿನಗೆ ಗೊತ್ತು.

೧. ನನ್ನ ಕೆಲಸದ ವೀಸಾ ಈ ತಿಂಗಳ ಕೊನೆಗೆ ಮುಗಿಯುತ್ತದೆ.

೨. ನವೀಕರಣದ ಅರ್ಜಿ ಸಿದ್ಧವಾಗಿದೆ. ನನ್ನ ಸಹಿಯೊಂದು ಬಾಕಿ. ಸಹಿ ಹಾಕಿದರೆ ಇನ್ನೆರಡು ವರ್ಷ.

೩. ಸಹಿ ಹಾಕದೆ ಹೊರಟುಬಂದರೆ, ಐವತ್ತು ದಾಟಿದ ನನಗೆ ಮತ್ತೆ ವೀಸಾ ಸಿಗುವುದಿಲ್ಲ.

೪. ಮೊಂತಿ ಹಬ್ಬದ ದಿನ ನೀನು ಅಂಚೆಗೆ ಹಾಕಿದ ಲಕೋಟೆ ನನಗೆ ತಲುಪಿದೆ. ರಜೆ ಮುಗಿಸಿ ನಾನು ಇಲ್ಲಿಗೆ ಮರಳುವಾಗ ಅದು ನನಗಿಂತ ಮೊದಲೇ ಬಂದು ಕಾಯುತ್ತಿತ್ತು.

ನಾಲ್ಕನೆಯದಕ್ಕೂ ಮೊದಲ ಮೂರಕ್ಕೂ ಯಾವ ಸಂಬಂಧವೂ ಇಲ್ಲ ಎನ್ನುವುದು ಸುಂದರನ ವಾದ. ನಮ್ಮ ಕಂಪನಿಯ ಕಚೇರಿಯಲ್ಲಿ ವೀಸಾ ಕಾಗದಪತ್ರ ನೋಡಿಕೊಳ್ಳುವ ಕಾಪುವಿನ ಹುಡುಗನೆಂದು ಹಿಂದೆ ಬರೆದಿದ್ದೆನಲ್ಲ, ಅವನೇ. ಊರಿನಲ್ಲಿ ನಮ್ಮ ಕ್ರೈಸ್ತರನ್ನು ಕರೆಯುವಂತೆ ಇಲ್ಲಿಯೂ ನನ್ನನ್ನು ಪೊರ್ಬು ಎಂದೇ ಕರೆಯುತ್ತಾನೆ. ಮೊನ್ನೆ ಅರ್ಜಿ ಹಿಡಿದುಕೊಂಡು ಕೋಣೆಗೆ ಬಂದಾಗ ಲಕೋಟೆಯಿಂದ ತೆಗೆದ ತೆನೆ ಮೇಜಿನ ಮೇಲಿತ್ತು.

"ಎಂತ ಪೊರ್ಬುಗಳೇ, ಈ ಮರಳಿನಲ್ಲಿ ಗದ್ದೆ ಮಾಡ್ಲಿಕ್ಕೆ ಉಂಟಾ?" ಎಂದ.

ನಾನು ವಿವರಿಸಿದೆ. ಮೊಂತಿ ಹಬ್ಬದಂದು ಇಗರ್ಜಿಯಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ, ಮನೆಯ ತಲೆಗೊಂದರಂತೆ ಕೊಡುತ್ತಾರೆ. ಕಾಳು ಸುಲಿದು ತೆಂಗಿನ ಹಾಲಿಗೆ ಹಾಕಿ ಎಲ್ಲರೂ ಒಟ್ಟಿಗೆ ಕುಳಿತು ಕುಡಿಯುತ್ತೇವೆ. ಊರಲ್ಲಿಲ್ಲದವರ ಪಾಲು ಅಂಚೆಯಲ್ಲಿ ಹೋಗುತ್ತದೆ.

"ಆದ್ರೆ ನೀವು ಹಬ್ಬಕ್ಕೆ ಊರಲ್ಲೇ ಇದ್ರಿ ಅಲ್ವಾ?" ಎಂದು ಅವನು ಕೇಳಿದ. ನಾನು ತೆನೆಯನ್ನು ನೀನು ಮಡಚಿದ ಕಾಗದಕ್ಕೇ ಮರಳಿ ಹಾಕಿದೆ.

ಮಾತಿಗೆ ಕೊಂಕಣಿ, ಕಾಗದಕ್ಕೆ ಕನ್ನಡ ಎಂಬುದು ನಮ್ಮಿಬ್ಬರ ಹಳೆಯ ರೂಢಿ. ಮದುವೆ ನಿಶ್ಚಯವಾದ ಮೇಲೆ ನಾನು ಬರೆದ ಮೊದಲ ಕಾಗದವನ್ನು, ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ನೀನು ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸಿದ್ದೆ. ಅಂದಿನಿಂದ ವಾಕ್ಯ ಕಟ್ಟುವಾಗ ನನ್ನ ಕೈ ನಿಧಾನ. ಆ ನಿಧಾನದಲ್ಲಿ ಹೇಳಬೇಕಾದ ಎಷ್ಟೋ ಮಾತುಗಳು ಹೇಳುವ ಮೊದಲೇ ಆರಿಹೋಗಿವೆ. ಈ ಸಲ ತಪ್ಪಿದ್ದರೂ ಇರಲಿ ಎಂದುಕೊಂಡು ಬರೆಯುತ್ತಿದ್ದೇನೆ.

ಊರು ಬಿಟ್ಟ ಮೇಲೆ ಮೊಂತಿ ಹಬ್ಬಕ್ಕೆ ನಾನು ಮನೆಯಲ್ಲಿದ್ದದ್ದು ಇದೇ ಮೊದಲು. ಯಂತ್ರಗಳನ್ನು ಬಿಚ್ಚಿ ದುರಸ್ತಿ ಮಾಡಲೆಂದು ಕಂಪನಿಯ ಶೈತ್ಯಾಗಾರವನ್ನು ಮುಚ್ಚಿದ್ದರಿಂದ ಸೆಪ್ಟೆಂಬರಿನಲ್ಲಿ ರಜೆ ಸಿಕ್ಕಿತ್ತು. ಪೂಜೆ ಮುಗಿಸಿ ಬರುವಾಗ ನೀನು ದಾರಿಯಲ್ಲಿ ಅಂಚೆ ಕಚೇರಿಗೆ ಹೋದೆ. ನಿನ್ನ ಕೊಡೆಯನ್ನೂ ಮಗಳು ಜೆಸ್ಸಿಯ ಕೊಡೆಯನ್ನೂ ಹಿಡಿದುಕೊಂಡು ನಾನು ಹೊರಗೆ ನಿಂತಿದ್ದೆ. ಯಾರಿಗೆ ಕಾಗದ ಎಂದು ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ಹತ್ತು ಹೆಜ್ಜೆ ಆಚೆ ನಿಂತಿದ್ದ ಗಂಡನಿಗೆ ಅವನ ಪಾಲಿನ ತೆನೆಯನ್ನು ಪ್ರತಿ ವರ್ಷದಂತೆ ವಿಮಾನದ ಅಂಚೆಯಲ್ಲಿ ಕಳುಹಿಸಿ, ನೀನು ನಗುತ್ತಾ ಹೊರಬಂದೆ.

ಊಟಕ್ಕೆ ಕುಳಿತು ತೆಂಗಿನ ಹಾಲು ಬಡಿಸುವಾಗ ನಿನ್ನ ಕೈ ನಿಂತಿತು. "ಕೇಳಿತಾ," ಎಂದೆ ನೀನು, "ನಿಮ್ಮ ತೆನೆ ಪೋಸ್ಟಿಗೆ ಹೋಯಿತಲ್ಲ!"

ಕಾರ್ಕಳದಿಂದ ಬಂದಿದ್ದ ತಂಗಿ ಪ್ರೆಸಿಲ್ಲಾ ಬಿಡುತ್ತಾಳೆಯೇ? "ಅಣ್ಣನ ಪಾಲು ಆಗಲೇ ವಿಮಾನ ಹತ್ತಿ ಆಯ್ತು ಅತ್ತಿಗೆ. ಇನ್ನು ಅಣ್ಣನಿಗೆ ಬರೀ ಹಾಲೇ ಗತಿ," ಎಂದಳು. ಜೆಸ್ಸಿ ತನ್ನ ಬಟ್ಟಲಿನಿಂದ ನನಗೆ ಒಂದು ಚಮಚ ಹಾಕಲು ಬಂದಳು. ನಾನು ತಡೆದು, "ಇರಲಿ, ಅಲ್ಲಿಗೆ ಹೋದ ಮೇಲೆ ತಿನ್ನುತ್ತೇನೆ," ಎಂದೆ. ಎಲ್ಲರೂ ನಕ್ಕರು. ನೀನು ನಗಲಿಲ್ಲ. ಅದನ್ನು ನಾನು ಗಮನಿಸಿದೆ. ಗಮನಿಸಿಯೂ ಹರಿವೆ ದಂಟಿನ ಪದಾರ್ಥ ಚೆನ್ನಾಗಿದೆ ಎಂದೆ.

ಅದೇ ಸಂಜೆ ಜಪಮಾಲೆಯ ಕೊನೆಗೆ ಜೆಸ್ಸಿ ಎಂದಿನಂತೆ "ಪರದೇಶದಲ್ಲಿರುವ ಪಪ್ಪನಿಗಾಗಿ" ಎಂದು ನಮೋ ಮರಿಯೆ ಪ್ರಾರ್ಥನೆ ಆರಂಭಿಸಿದಳು. ನಾನು ಅವಳ ಪಕ್ಕದಲ್ಲೇ ಮೊಣಕಾಲೂರಿದ್ದೆ. ನಾನೂ ಆ ಪಪ್ಪನಿಗಾಗಿ ಪ್ರಾರ್ಥಿಸಿದೆ. ಮಣಿಪಾಲದಲ್ಲಿ ನರ್ಸಿಂಗ್ ಓದುವ ಮಗಳು ಅರ್ಧದಲ್ಲಿ ನಾಲಗೆ ಕಚ್ಚಿಕೊಂಡದ್ದನ್ನು ನೀನೂ ನೋಡಿದೆ.

ಅಮೋನಿಯಾ ಯಂತ್ರಗಳ ನಡುವೆ ಮಲ್ಪೆಯ ಐಸ್ ಪ್ಲಾಂಟಿನಲ್ಲಿ ನಾನು ಕಲಿತ ಮೊದಲ ಪಾಠವೊಂದುಂಟು. ಸೋರಿಕೆ ಸಣ್ಣದಾಗಿದ್ದರೆ ಒಳಗೇ ಇರುವವರ ಮೂಗಿಗೆ ಅದು ಗೊತ್ತಾಗುವುದಿಲ್ಲ, ಮೂಗು ಒಗ್ಗಿಹೋಗಿರುತ್ತದೆ. ಬಾಗಿಲು ತೆರೆದು ಹೊರಗಿನಿಂದ ಬಂದವನೇ ಹೇಳಬೇಕು. ಈ ಸಲ ನಾನು ಹೊರಗಿನಿಂದ ಬಂದವನು. ನಾನಿಲ್ಲದಿರುವುದಕ್ಕೆ ಮನೆ ಒಗ್ಗಿಹೋಗಿದೆ, ಸೆಲೀನ್. ಇದು ದೂರಲ್ಲ. ಒಗ್ಗದೆ ನೀವು ಬದುಕುವುದು ಹೇಗೆ?

ಪ್ರತಿ ಸಲ ವೀಸಾ ಮುಗಿಯುವಾಗ ನಾನು ನಿನ್ನನ್ನು ಕೇಳಿದ್ದೇನೆ. ಪ್ರತಿ ಸಲವೂ ನೀನು "ನಿಮಗೆ ಸರಿ ಕಂಡಂತೆ ಮಾಡಿ" ಎಂದೇ ಬರೆದಿದ್ದೀ. ಕೆಂಪು ಶಾಯಿಯ ಟೀಚರಮ್ಮ ಹೀಗೆ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಬರೆದರೆ ಅದರಲ್ಲಿ ಬೇರೇನೋ ಇರಬೇಕೆಂದು ನನಗೆ ಹೊಳೆಯಲಿಲ್ಲ. ನಾನು ಅದನ್ನು ಒಪ್ಪಿಗೆಯೆಂದು ಓದಿ ಸಹಿ ಹಾಕಿದೆ.

ಹೊರಡುವ ಮುನ್ನಾದಿನ ಬೆಳಿಗ್ಗೆ ನಿನ್ನ ಜೊತೆ ಮಲ್ಲಿಗೆ ಕೊಯ್ಯಲು ಬಂದದ್ದು ನೆನಪಿದೆಯೆ? ಉಡುಪಿಗೆ ಹೂ ಹೋಗುವ ಬಸ್ಸಿಗೆ ಹೊತ್ತಾಗುತ್ತಿತ್ತು. ನಾನು ಕೈಗೆ ಸಿಕ್ಕ ಮೊಗ್ಗುಗಳನ್ನೆಲ್ಲ ಕೊಯ್ಯುತ್ತಿದ್ದೆ. "ಅದು ನಾಳೆಯದ್ದು, ಬಿಡಿ," ಎಂದೆ ನೀನು. ಗಿಡದ ಆಚೆ ಬದಿಗೆ ಹೋಗಿ, ಅಲ್ಲಿಂದ, "ನಾಳೆ ನೀವೇ ಕೊಯ್ಯಬಹುದಿತ್ತು," ಎಂದೆ. ಮರುದಿನ ಕಾಪುವಿನಲ್ಲಿ ಬಸ್ಸು ಬಂದು ನಿಂತಾಗ ಚೀಲ ನನ್ನ ಕೈಗೆ ಕೊಡುತ್ತಾ, ತಮಾಷೆಯಂತೆ, "ಮುಂದಿನ ವರ್ಷದ ತೆನೆ ಯಾವ ವಿಳಾಸಕ್ಕೆ?" ಎಂದು ಕೇಳಿದೆ. ಕಂಡಕ್ಟರ್ ಸೀಟಿ ಊದಿದ. ನಾನು ಕಿಟಕಿಯಿಂದ ಕೈ ಬೀಸಿದೆ.

ಇಲ್ಲಿಂದ ನನ್ನನ್ನು ಯಾರೂ ಹೊರಹಾಕುತ್ತಿಲ್ಲ. ಆರೋಗ್ಯ ಚೆನ್ನಾಗಿದೆ, ಯಂತ್ರಗಳು ನನ್ನ ಮಾತು ಕೇಳುತ್ತವೆ. ಮಲ್ಪೆಯ ಹಳೆಯ ಧಣಿಗಳಿಗೆ ಕೆಲಸ ಕೇಳಿ ಬರೆದಿದ್ದೇನೆ, ಉತ್ತರ ಬಂದಿಲ್ಲ. ಜೆಸ್ಸಿಯ ಓದು ಇನ್ನೂ ಒಂದು ವರ್ಷ ಇದೆ. ಯಂತ್ರ ದುರಸ್ತಿಗೆ ಶೆಡ್ ಕಟ್ಟಬೇಕೆಂದು ಬಾವಿಯ ಬಳಿ ನಾನು ಗುರುತು ಹಾಕಿದ್ದ ಜಾಗದಲ್ಲಿ ಈಗ ನಿನ್ನ ಮಲ್ಲಿಗೆ ಗಿಡಗಳಿವೆ. ಅವುಗಳನ್ನು ಕೀಳುವುದು ಬೇಡ. ನನಗೆ ಬಾಳೆ ನಾರು ಕೊಟ್ಟು ಹೂ ಕಟ್ಟುವುದನ್ನು ಕಲಿಸಿದರೆ ಸಾಕು. ಕೈ ನಿಧಾನವಾದೀತು, ಬಯ್ಯಬೇಡ.

"ಒಂದು ಸೈನ್ ಹಾಕ್ಲಿಕ್ಕೆ ಎಂತ ಇಷ್ಟು ಯೋಚನೆ ಮಾರಾಯ್ರೇ? ಒಮ್ಮೆ ಬಿಟ್ರೆ ಬಿಟ್ಟ ಹಾಗೇ," ಎಂದು ಸುಂದರ ಇವತ್ತೂ ಹೇಳಿಹೋದ. ಅವನ ಮಾತು ಸರಿ. ಬಿಟ್ಟರೆ ಬಿಟ್ಟ ಹಾಗೆಯೇ.

ತೆನೆಯನ್ನು ನಾನು ತಿಂದಿಲ್ಲ. ಪ್ರತಿ ವರ್ಷ ಇಲ್ಲಿ ಒಬ್ಬನೇ ಕುಳಿತು, ಉಗುರಿನಲ್ಲಿ ಕಾಳು ಸುಲಿದು, ಡಬ್ಬಿಯ ಹಾಲಿಗೆ ಹಾಕಿ ಕುಡಿಯುತ್ತಿದ್ದೆ. ಈ ಸಲ ಕೈ ಬರಲಿಲ್ಲ. ಅದು ನೀನು ಮಡಚಿದ ಕಾಗದದಲ್ಲೇ ಇದೆ, ನನ್ನ ಜೊತೆಯಲ್ಲೇ ಹಿಂದಿರುಗುತ್ತದೆ. ತೆಂಗಿನ ಹಾಲು ನೀನು ಹಿಂಡಿಡು.

ದೇವರು ನಿನ್ನನ್ನೂ ಜೆಸ್ಸಿಯನ್ನೂ ಕಾಯಲಿ. ಇನ್ನು ಮುಂದೆ ಜಪದಲ್ಲಿ ಪರದೇಶದ ಪಪ್ಪನ ಪಾಲಿನ ನಮೋ ಮರಿಯೆಯನ್ನು ಸುಂದರನಿಗೆ ಕೊಡಿ, ಅವನೂ ಒಂಟಿ.

ನಾನು ಅರ್ಜಿಗೆ ಸಹಿ ಹಾಕುವುದಿಲ್ಲ. ವೀಸಾ ಮುಗಿಯುವ ಮೊದಲು ಮನೆಗೆ ಬರುತ್ತೇನೆ.

ನಿನ್ನ,
ಕಜೆಟನ್