ಕ್ಲಚ್ಚಿಗೆ ಹಚ್ಚಿದ ಗ್ರೀಸು

ಹೊಸಪೇಟೆ
10 ಅಕ್ಟೋಬರ್ 2006, ಮಂಗಳವಾರ

ಸಂಡೂರಿನ ಸಾಹೇಬರಾದ ಪ್ರಭಂಜನ ಅವರಿಗೆ, ರೇಷನ್ ಕಾರ್ಡಿನಲ್ಲಿ ಇನ್ನೂ ನಿಮ್ಮ ಹೆಂಡತಿಯಾಗಿರುವ ಮೇಧಾ ಮಾಡುವ ನಮಸ್ಕಾರ.

ನಿಮ್ಮ ಡ್ರೈವರ್ ಪಾಲಪ್ಪ ಶನಿವಾರ ನಮ್ಮ ರಿಮೋಟ್ ಕಾರಿನ ಡಬ್ಬಿಯನ್ನೂ ನಿಮ್ಮ ಚೀಟಿಯನ್ನೂ ತಂದುಕೊಟ್ಟ. ಅದಿರು ಸಾಗಿಸುವ ಗುತ್ತಿಗೆ ಹಿಡಿದು, ಜಗಳವಾಡಿ, ಆ ಕಾರೊಂದನ್ನೇ ಎತ್ತಿಕೊಂಡು ಮನೆ ಬಿಟ್ಟ ಗಂಡ ಎಂಟು ತಿಂಗಳ ಮೇಲೆ ಬರೆದದ್ದು ನಾಲ್ಕು ಸಾಲು. ಇಂಜಿನ್ ಕಿರುಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಬರುವ ಭಾನುವಾರ ಗಣಿಯವರ ರೇಸ್ ಇದೆ. ದೊಡ್ಡ ಇಂಜಿನ್ ಹಾಕಿ ಕಳಿಸು. ಕೊನೆಯ ಸಾಲು ನನ್ನ ವಿಷಯ: ರಾಜೀನಾಮೆ ಕೊಟ್ಟು ಇಲ್ಲಿಗೇ ಬಂದುಬಿಡು, ಬಂಗಲೆ ಇದೆ, ಆಳುಕಾಳು ಇದ್ದಾರೆ. ಇರಲಿ, ನೀವು ಬರೆದ ಕ್ರಮದಲ್ಲೇ ನಾನೂ ಮೊದಲು ಕಾರಿನ ವಿಷಯ ಮುಗಿಸುತ್ತೇನೆ.

ದೊಡ್ಡ ಇಂಜಿನ್ ಅಂತೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅದು ಮೊಳದುದ್ದದ ರಿಮೋಟ್ ಕಾರು ರೀ, ನಿಮ್ಮ ಅದಿರು ಲಾರಿಯಲ್ಲ. ನೈಟ್ರೊ ಇಂಧನ ಕುಡಿದು ಇಂಜಿನ್ ಚೆನ್ನಾಗಿಯೇ ತಿರುಗುತ್ತಿದೆ, ತಿರುಗಿದ್ದು ಚಕ್ರಕ್ಕೆ ಮುಟ್ಟುತ್ತಿಲ್ಲ. ಹಾಗಾದರೆ ದೋಷ ನಡುವೆ ಎಲ್ಲೋ ಇದೆ ಎಂದು ಪಾಲಿಟೆಕ್ನಿಕ್‌ನಲ್ಲಿ ನಾನು ಪಾಠ ಹೇಳುವ ಮೊದಲ ವರ್ಷದ ಮಕ್ಕಳೂ ಹೇಳುತ್ತಾರೆ. ನೀವು ನನ್ನ ಜೊತೆ ಒಂದೇ ಕ್ಲಾಸಿನಲ್ಲಿ ಕೂತು ಮೆಕ್ಯಾನಿಕಲ್ ಪಾಸಾದವರು, ನೆನಪಿದೆಯೋ ಇಲ್ಲವೋ.

ಚಕ್ರದ ಕಡೆಯಿಂದ ಶುರುಮಾಡಿದೆ. ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದರೆ ದೊಡ್ಡ ಗಿಯರ್ ತಿರುಗಿತು. ಅಂದರೆ ಆಕ್ಸಲ್, ಡಿಫರೆನ್ಷಿಯಲ್ ಎರಡೂ ಕ್ಷೇಮ. ಆದರೆ ಆಕ್ಸಲ್ ಕೀಲಿನೊಳಗೆ ನಿಂಬೆಬೀಜ! ಆಯುಧಪೂಜೆಯಲ್ಲಿ ಟಿಪ್ಪರ್‌ಗಳ ಹಾಗೆ ಇದನ್ನೂ ನಿಂಬೆಹಣ್ಣಿನ ಮೇಲೆ ಹತ್ತಿಸಿದಿರೇನು? ನಿಂಬೆಹಣ್ಣು ಅದರ ಆಕ್ಸಲ್ಲಿನಷ್ಟು ಎತ್ತರ ಇರುತ್ತದೆ ಎಂಬುದಾದರೂ ಕಣ್ಣಿಗೆ ಕಾಣಲಿಲ್ಲವೇ? ಆಮೇಲೆ ಎರಡು ಗಿಯರ್‌ಗಳ ನಡುವೆ ಕಾಗದದ ಪಟ್ಟಿ ಹಾಯಿಸಿದೆ. ಹರಿಯದೆ ನೆರಿಗೆಯಾಗಿ ಹೊರಬಂದರೆ ಹಲ್ಲುಗಳ ನಡುವಿನ ಅಂತರ ಸರಿಯಿದೆ ಎಂದರ್ಥ. ಹಾಗೇ ಬಂತು. ಕಾಗದಕ್ಕೆ ನಿಮ್ಮ ಚೀಟಿಯನ್ನೇ ಹರಿದೆ. ಅದರಿಂದಾದ ಉಪಯೋಗ ಅದೊಂದೇ.

ಉಳಿದದ್ದು ಕ್ಲಚ್. ಬಿಚ್ಚಿದೆ. ಥೂ! ಒಳಗೆಲ್ಲ ಗ್ರೀಸು, ಗ್ರೀಸಿನ ತುಂಬ ಕೆಂಪು ಅದಿರಿನ ಧೂಳು. ಕಾರು ಆಯಿತೇ ಎಂದು ವಿಚಾರಿಸಲು ನಿನ್ನೆ ಬೆಳಿಗ್ಗೆ ಬಂದ ಪಾಲಪ್ಪನನ್ನು ಇದೇನೆಂದು ಕೇಳಿದೆ. “ಹಬ್ಬಕ್ಕ ಎಲ್ಲಾ ಟಿಪ್ಪರಿಗೂ ಗ್ರೀಸ್ ಹೊಡದ್ವಿರಿ ಅಕ್ಕಾರ. ಇದೇನು ಗಾಡಿ ಅಲ್ಲೇನಲೇ, ಇದಕ್ಕೂ ಹಚ್ಚು ಅಂದ್ರು ಸಾಹೇಬ್ರು” ಅಂದ.

ಅವನಿಗೆ ಗೊತ್ತಿಲ್ಲ, ಸರಿ. ನಿಮಗೆ? ಇಂಜಿನ್ ಜೋರಾದಾಗ ಕ್ಲಚ್ಚಿನ ಶೂಗಳು ಅಗಲವಾಗಿ ಸುತ್ತಲಿನ ಬಟ್ಟಲನ್ನು ಒಣಮೈಯಲ್ಲಿ ಉಜ್ಜಿ ಹಿಡಿಯಬೇಕು. ಗ್ರೀಸು ಹಚ್ಚಿದರೆ ಜಾರುತ್ತವೆ, ಅಷ್ಟೆ. ಆ ಬಟ್ಟಲನ್ನು ಕಾಲೇಜಿನ ಲೇತಿನಲ್ಲಿ ಮೂರು ಸಲ ಕೆಡಿಸಿ ನಾಲ್ಕನೇ ಸಲ ಸರಿಯಾಗಿ ಕಡೆದವಳು ನಾನು. ಪಕ್ಕದಲ್ಲಿ ನಿಂತು ಅಳತೆ ನೋಡುತ್ತಿದ್ದವರು ನೀವು. ಆಗ ನಿಮಗೆ ಎಲ್ಲ ಗೊತ್ತಿತ್ತು.

ಇಷ್ಟಕ್ಕೇ ಆಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಪಾಪ, ಪಾಲಪ್ಪ ನನ್ನನ್ನು ಹೊಗಳಲು ಹೋಗಿ ಬಾಯಿಬಿಟ್ಟ. “ಸಿಂಗಪುರದ ಗಾಡಿ ನಿಮಗ ಹೆಂಗ ಬಿಚ್ಚಾಕ ಬರ್ತೈತ್ರಿ ಅಕ್ಕಾರ? ಭಾಳ ಶಾಣ್ಯಾರದೀರಿ ಬಿಡ್ರಿ” ಅಂದ. ಯಾವ ಸಿಂಗಪುರವೋ ಎಂದೆ. ಹಬ್ಬದ ದಿನ ಗಣಿ ಮಾಲೀಕರೊಬ್ಬರು ಕಾರನ್ನು ಕೈಗೆತ್ತಿಕೊಂಡು, ಮಸ್ತಾಗಿದೆ, ಯಾರು ಮಾಡಿದ್ದು ಎಂದು ಕೇಳಿದರಂತೆ. ಸಿಂಗಪುರದಿಂದ ತರಿಸಿದ್ದು ಎಂದಿರಂತೆ.

ಅಲ್ಲ ರೀ, ಅವರಾಗಿಯೇ ಕೇಳಿದರು! ನನ್ನ ಹೆಂಡತಿಯೂ ನಾನೂ ಕೂಡಿ ಮಾಡಿದ್ದು ಎನ್ನಲು ನಿಮ್ಮ ನಾಲಿಗೆಗೆ ಏನು ಬಂದಿತ್ತು? ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ. ನೀವು ಆ ಕೊಡೆಯನ್ನೂ ಸಿಂಗಪುರದ್ದು ಎನ್ನುವ ಪೈಕಿ. ಒಂದು ವರ್ಷ ಮಾಳಿಗೆಯ ಮೇಲಿನ ಕೋಣೆಯಲ್ಲಿ ಅಲ್ಯುಮಿನಿಯಂ ತಗಡು ಕೊಯ್ದು, ಕೈ ಕೊಯ್ದುಕೊಂಡು, ನಕ್ಕು, ಜಗಳವಾಡಿ ಮಾಡಿದ್ದು ನಿಮ್ಮ ಹೊಸ ಸ್ನೇಹಿತರ ಮುಂದೆ ನಾಚಿಕೆಯ ವಸ್ತುವಾಯಿತು.

ಕಾರು ಸರಿಮಾಡಿದ್ದೇನೆ. ನಿಮಗಾಗಿ ಅಲ್ಲ, ಒಳ್ಳೆಯ ಯಂತ್ರ ಕೆಟ್ಟು ಬಿದ್ದಿರುವುದನ್ನು ನನ್ನಿಂದ ನೋಡಲಾಗುವುದಿಲ್ಲ. ಶೂಗಳನ್ನು ಸ್ಪಿರಿಟ್‌ನಲ್ಲಿ ತೊಳೆದು, ಎಮರಿ ಪೇಪರಿನಲ್ಲಿ ಉಜ್ಜಿ ಕೂರಿಸಿದೆ. ಇವತ್ತು ಬೆಳಿಗ್ಗೆ ಕಾಲೇಜಿನ ಮೈದಾನದಲ್ಲಿ ಬಿಟ್ಟರೆ ಮೊದಲ ಏಟಿಗೇ ಹಾರಿತು. ಭಾನುವಾರ ಗೆದ್ದರೆ ಮಾಲೆಯನ್ನು ಸಿಂಗಪುರಕ್ಕೆ ಕಳಿಸಿ.

ಇನ್ನು ನಿಮ್ಮ ಕೊನೆಯ ಸಾಲಿಗೆ ಉತ್ತರ. ರಾಜೀನಾಮೆ ಕೊಡುವುದಿಲ್ಲ, ಸಂಡೂರಿಗೂ ಬರುವುದಿಲ್ಲ. ಬರಬೇಕೆಂದು ಒಂದು ದಿನವೂ ಅಂದುಕೊಂಡವಳಲ್ಲ, ತಿಳಿದಿರಲಿ. ನಾಳೆ ನಿಮ್ಮ ಪಕ್ಕದಲ್ಲಿ ನಿಂತಿರುವ ನನ್ನನ್ನು ತೋರಿಸಿ ಇವರು ಯಾರು ಎಂದು ಯಾರಾದರೂ ಕೇಳಿದರೆ ನೀವು ಏನು ಹೇಳುತ್ತೀರೋ, ನನಗೆ ನಂಬಿಕೆಯಿಲ್ಲ.

ಇಂತು,
ಆ ಕ್ಲಚ್ ಬಟ್ಟಲು ಕಡೆದವಳು,
ಮೇಧಾ

ಬರೆಯದೆ ಬಿಟ್ಟದ್ದು: ಕಾರು ಅಲುಗಾಡದಿರಲೆಂದು ಡಬ್ಬಿಯಲ್ಲಿ ತುರುಕಿರುವ ಕಾಗದದ ಚೂರುಗಳನ್ನು ಪಾಲಪ್ಪನ ಕೈಗೆ ಕೊಡಬೇಡಿ, ನೀವೇ ಎಸೆಯಿರಿ. ಅದು ನನ್ನ ರಾಜೀನಾಮೆ ಪತ್ರ. ನಿಮ್ಮ ಚೀಟಿ ಬರುವುದಕ್ಕೂ ಮೊದಲೇ, ವಿಜಯದಶಮಿಯ ದಿನ ಬರೆದದ್ದು. ನಿನ್ನೆ ಪ್ರಿನ್ಸಿಪಾಲರಿಗೆ ಕೊಡಬೇಕೆಂದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ನಾನು ಕಾಲೇಜಿಗೆ ಹೊರಡುವ ಮುಂಚೆಯೇ ಪಾಲಪ್ಪ ಬಂದುಬಿಟ್ಟ.